ಗಾಂಜಾ ಬಿಟ್ಟ ಮೊದಲ ಎರಡು ವಾರ



ಗಾಂಜಾ ಸೇದುವ ಹುಡುಗರನ್ನು ಮಾತಾಡಿಸಿದರೆ ಬಹುತೇಕ ಎಲ್ಲರೂ ಒಂದೇ ಮಾತು ಹೇಳುತ್ತಾರೆ. "ಇದು ಚಟ ಹಿಡಿಸೋದಿಲ್ಲ. ಗಿಡದ ಸೊಪ್ಪು ಅಷ್ಟೆ. ಬೇಡ ಅನ್ನಿಸಿದ ದಿನ ಬಿಡ್ತೀನಿ." ಮೋಸ ಮಾಡಬೇಕೆಂದು ಅವರು ಹೀಗೆ ಹೇಳುವುದಿಲ್ಲ. ನಂಬಿಯೇ ಹೇಳುತ್ತಾರೆ. ಅವರಲ್ಲಿ ಕೆಲವರು ನಿಜವಾಗಿಯೂ ಬಿಡುತ್ತಾರೆ. ಇನ್ನು ಕೆಲವರು ಬಿಡಲು ಹೋಗಿ ನಾಲ್ಕನೆಯ ದಿನಕ್ಕೆ ಮತ್ತೆ ಸೇದುತ್ತಾರೆ. ಆಗಲೂ ಅವರಿಗೆ ಅದು ಚಟ ಎಂದು ತೋರುವುದಿಲ್ಲ. "ಇದಿಲ್ಲದಿದ್ದರೆ ನನಗೆ ನಿದ್ದೆ ಬರಲ್ಲ, ಸಿಟ್ಟು ಜಾಸ್ತಿ ಬರುತ್ತೆ, ಇದೇ ನನಗೆ ಔಷಧಿ" ಎನ್ನುತ್ತಾರೆ.

ಆ ನಾಲ್ಕನೆಯ ದಿನದ ಬಗ್ಗೆ ಇವತ್ತು ಮಾತಾಡುತ್ತೇನೆ. ಅವತ್ತು ಮೈಯಲ್ಲಿ ಏನಾಗುತ್ತದೆ? ಅದನ್ನು ಆ ಹುಡುಗ ಯಾಕೆ ತಪ್ಪಾಗಿ ಓದಿಕೊಳ್ಳುತ್ತಾನೆ? ಮನೆಯವರೂ ಯಾಕೆ ತಪ್ಪಾಗಿ ಓದಿಕೊಳ್ಳುತ್ತಾರೆ? ಗಾಂಜಾ ಕಟ್ಟಿಹಾಕುವ ಬಗೆ ಇದರಲ್ಲಿಯೇ ಅಡಗಿದೆ.

ಮೊದಲು ಗಿಡದ ವಿಷಯ. ಗಿಡ ಒಂದೇ, ಅದರಿಂದ ಬರುವ ಪದಾರ್ಥ ಮೂರು. ಎಲೆಯನ್ನು ಅರೆದರೆ ಭಂಗಿ. ಹೆಣ್ಣು ಗಿಡದ ಹೂತೆನೆಯನ್ನು ಒಣಗಿಸಿದರೆ ಗಾಂಜಾ. ಹೂವಿನ ಅಂಟನ್ನು ತೆಗೆದು ಉಂಡೆ ಕಟ್ಟಿದರೆ ಚರಸ್. ಎಲೆಯಲ್ಲಿ ಅಮಲು ಕಡಿಮೆ, ಹೂವಿನಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. 1985ರ ಮಾದಕವಸ್ತು ಕಾಯ್ದೆಯೂ ಇದೇ ಗೆರೆಯನ್ನು ಹಿಡಿದಿದೆ. ಹೂವಿಲ್ಲದ ಬರೀ ಎಲೆಯನ್ನು ಅದು ಗಾಂಜಾ ಎಂದು ಎಣಿಸುವುದಿಲ್ಲ. ಹೂತೆನೆಯನ್ನೂ ಅಂಟನ್ನೂ ನಿಷೇಧಿಸುತ್ತದೆ.

ನಮ್ಮ ನಾಡಿಗೆ ಈ ಗಿಡ ಹೊಸತಲ್ಲ. ಶಿವರಾತ್ರಿಗೆ ಭಂಗಿ ಕುಡಿಯುವ ಪದ್ಧತಿ ದೇಶದ ಅನೇಕ ಕಡೆ ಇದೆ. ಯಾದಗಿರಿ ಜಿಲ್ಲೆಯ ತಿಂತಿಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವೆಂದು ಕಾಣುವ ರೂಢಿಯ ಬಗ್ಗೆ ನೀವು ಪತ್ರಿಕೆಗಳಲ್ಲಿ ಓದಿರಬಹುದು. "ಸಾಧುಗಳು ಸೇದುವುದಿಲ್ಲವೆ? ಅವರಿಗೆ ಏನಾಗಿದೆ?" ಎಂದು ಹುಡುಗರು ಕೇಳುವುದು ಇದನ್ನೆಲ್ಲ ನೋಡಿಯೇ. ನ್ಯಾಯವಾದ ಪ್ರಶ್ನೆ. ಇದಕ್ಕೆ ಬೈಗುಳ ಉತ್ತರವಾಗಬಾರದು. ವರ್ಷಕ್ಕೊಮ್ಮೆ, ಹಿರಿಯರ ಎದುರಿಗೆ, ಒಂದು ಆಚರಣೆಯ ಒಳಗೆ ತೆಗೆದುಕೊಳ್ಳುವುದು ಒಂದು ಬಗೆ. ದಿನಕ್ಕೆ ಮೂರು ಸಲ, ಕೋಣೆಯ ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದೆ ಸೇದುವುದು ಇನ್ನೊಂದು ಬಗೆ. ಬ್ರಿಟಿಷ್ ಸರ್ಕಾರ 1893ರಲ್ಲಿ ಈ ಗಿಡದ ಬಗ್ಗೆ ಒಂದು ಆಯೋಗ ನೇಮಿಸಿತ್ತು. ಸಾವಿರಕ್ಕೂ ಹೆಚ್ಚು ಜನರ ಹೇಳಿಕೆ ಪಡೆದು ಆ ಆಯೋಗ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಮಿತವಾಗಿ ಬಳಸುವವರಲ್ಲಿ ಹಾನಿ ಕಡಿಮೆ, ಅತಿಯಾಗಿ ಬಳಸುವವರಿಗೆ ಹಾನಿ ಉಂಟು.

ಹಾಗಾದರೆ ಎಷ್ಟು ಜನರಿಗೆ ಇದು ಅಂಟಿಕೊಳ್ಳುತ್ತದೆ? 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ ಬಂತು. ದೇಶದಲ್ಲಿ ಸುಮಾರು 3 ಕೋಟಿ ಜನ ಒಂದು ವರ್ಷದೊಳಗೆ ಭಂಗಿ, ಗಾಂಜಾ, ಚರಸ್ ಇವುಗಳಲ್ಲಿ ಯಾವುದಾದರೊಂದನ್ನು ಬಳಸಿದ್ದರು. ಅವರಲ್ಲಿ ಸುಮಾರು 70 ಲಕ್ಷ ಜನರಿಗೆ ಅದರಿಂದ ತೊಂದರೆಯಾಗಿ ನೆರವು ಬೇಕಾಗಿತ್ತು. ಬಳಸುವವರಲ್ಲಿ ಪೂರ್ತಿ ಕಟ್ಟುಬಿದ್ದವರು ಸುಮಾರು 11 ಮಂದಿಯಲ್ಲಿ ಒಬ್ಬರು. ಬೇರೆ ದೇಶಗಳ ಅಧ್ಯಯನಗಳಲ್ಲೂ ಈ ಲೆಕ್ಕ ಹತ್ತಿರಹತ್ತಿರ ಇಷ್ಟೇ ಬರುತ್ತದೆ. ಆದರೆ ಹದಿಹರೆಯದಲ್ಲೇ ಶುರು ಮಾಡಿದವರನ್ನು ಮಾತ್ರ ತೆಗೆದುಕೊಂಡರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಆರು ಮಂದಿಯಲ್ಲಿ ಒಬ್ಬರು.

ಈ ಅಂಕಿಯನ್ನು ಎರಡೂ ಕಡೆಯಿಂದ ನೋಡಬೇಕು. 11 ಜನ ಗೆಳೆಯರ ಗುಂಪಿನಲ್ಲಿ 10 ಮಂದಿಗೆ ಅದು ಚಟವಾಗಲಿಲ್ಲ. ಆ 10 ಮಂದಿ ಹೇಳುವ ಮಾತೇ ಗುಂಪಿನಲ್ಲಿ ನಡೆಯುತ್ತದೆ. ಹನ್ನೊಂದನೆಯವನು ಅದೇ ಮಾತನ್ನು ತನಗೂ ಹೇಳಿಕೊಳ್ಳುತ್ತಾನೆ. ಆ ಹನ್ನೊಂದನೆಯವನಿಗಾಗಿಯೇ, ಅವನ ಮನೆಯವರಿಗಾಗಿಯೇ ನಾನು ಇವತ್ತು ಮಾತಾಡುತ್ತಿರುವುದು.

ಇಷ್ಟು ಹೇಳಿದ್ದಾಯಿತು. ಎಲ್ಲರಿಗೂ ಅಂಟುವುದಿಲ್ಲ, ಕೆಲವರಿಗೆ ಅಂಟುತ್ತದೆ, ಚಿಕ್ಕ ವಯಸ್ಸಿನಲ್ಲಿ ಹಿಡಿದವರಿಗೆ ಹೆಚ್ಚು ಅಂಟುತ್ತದೆ. ಈಗ ಅದು ಮಿದುಳಿನ ಒಳಗೆ ಮಾಡುವ ಕೆಲಸ ಏನೆಂದು ನೋಡೋಣ.

ಗಾಂಜಾದಲ್ಲಿ ನೂರಾರು ರಾಸಾಯನಿಕಗಳಿವೆ. ಅಮಲು ಕೊಡುವುದು ಮುಖ್ಯವಾಗಿ ಒಂದು. ಅದರ ಹೆಸರು ಟಿಎಚ್‌ಸಿ. ಇಸ್ರೇಲಿನ ರಾಫೆಲ್ ಮೆಕೂಲಮ್ ಮತ್ತು ಅವರ ಜೊತೆಗಾರ ಸೇರಿ 1964ರಲ್ಲಿ ಅದನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಈ ಟಿಎಚ್‌ಸಿ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ? ಅದಕ್ಕೆ ಉತ್ತರ ಸಿಗಲು ಇನ್ನೂ ಇಪ್ಪತ್ತು ವರ್ಷಗಳ ಮೇಲೆ ಹಿಡಿಯಿತು. 1988ರಲ್ಲಿ ಅಮೆರಿಕದಲ್ಲಿ ಆ ತಾಣ ಪತ್ತೆಯಾಯಿತು. ನರಕೋಶಗಳ ಮೇಲೆ ಸಂದೇಶ ಹಿಡಿಯುವ ಸಣ್ಣ ತಾಣಗಳು ಅವು. ನಮ್ಮ ಮಿದುಳಿನಲ್ಲಿ ಅವು ತುಂಬ ದಟ್ಟವಾಗಿವೆ. ನೆನಪು, ಹಸಿವು, ಭಯ, ನಿದ್ದೆ, ಸಂತೋಷ, ಮೈಯ ಹಿಡಿತ ಇವೆಲ್ಲ ನಡೆಯುವ ಭಾಗಗಳಲ್ಲಿ ಹರಡಿಕೊಂಡಿವೆ.

ಗಾಂಜಾ ಸೇದದವರ ಮಿದುಳಿನಲ್ಲೂ ಈ ತಾಣಗಳು ಯಾಕಿವೆ? ನಮ್ಮ ಮೈಯೇ ಅವುಗಳಿಗಾಗಿ ಒಂದು ರಾಸಾಯನಿಕ ತಯಾರಿಸುತ್ತದೆ, ಅದಕ್ಕೆ. ಅದೂ ಮೆಕೂಲಮ್ ಅವರ ಪ್ರಯೋಗಶಾಲೆಯಲ್ಲೇ 1992ರಲ್ಲಿ ಸಿಕ್ಕಿತು. ಅದಕ್ಕೆ ಅವರು ಆನಂದಮೈಡ್ ಎಂದು ಹೆಸರಿಟ್ಟರು. ನಮ್ಮ ಆನಂದದಿಂದಲೇ ತೆಗೆದುಕೊಂಡ ಹೆಸರು. ನಮ್ಮ ಆನಂದಮೈಡ್ ಬೇಕಾದಾಗ, ಬೇಕಾದ ಜಾಗದಲ್ಲಿ, ಚೂರೇ ಚೂರು ಹುಟ್ಟುತ್ತದೆ. ಕ್ಷಣದಲ್ಲಿ ಕೆಲಸ ಮುಗಿಸಿ ಕರಗಿಹೋಗುತ್ತದೆ. ಟಿಎಚ್‌ಸಿ ಹಾಗಲ್ಲ. ಎಲ್ಲ ತಾಣಗಳ ಮೇಲೂ ಒಟ್ಟಿಗೆ ಬೀಳುತ್ತದೆ. ತಾಸುಗಟ್ಟಲೆ ಅಲ್ಲೇ ಇರುತ್ತದೆ.

ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ. ನಿಮ್ಮ ಮನೆಯ ಪಕ್ಕದಲ್ಲಿ ಧ್ವನಿವರ್ಧಕ ಹಾಕಿದ್ದಾರೆ ಎಂದುಕೊಳ್ಳಿ. ಬೆಳಗಿನಿಂದ ರಾತ್ರಿವರೆಗೆ ಅದು ಕೂಗುತ್ತದೆ. ನೀವು ಒಂದೊಂದೇ ಕಿಟಕಿ ಮುಚ್ಚುತ್ತೀರಿ. ಕೊನೆಗೆ ಎಲ್ಲವನ್ನೂ ಮುಚ್ಚಿ ಕೂರುತ್ತೀರಿ. ಒಂದು ದಿನ ಧ್ವನಿವರ್ಧಕ ನಿಂತಿತು. ಹೊರಗೆ ಮಗು ಮೆಲ್ಲಗೆ ಕರೆಯುತ್ತಿದೆ. ನಿಮಗೆ ಕೇಳಿಸುವುದಿಲ್ಲ. ಕಿಟಕಿ ಮುಚ್ಚಿಯೇ ಇದೆಯಲ್ಲ. ದಿನವೂ ಸೇದುವವನ ಮಿದುಳು ಮಾಡುವುದು ಇದನ್ನೇ. ಸಂದೇಶ ಹಿಡಿಯುವ ತಾಣಗಳನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಅವನು ಸೇದುವುದನ್ನು ನಿಲ್ಲಿಸಿದರೆ ಅವನದೇ ಆನಂದಮೈಡ್ ಕರೆದರೂ ಕೇಳಿಸಿಕೊಳ್ಳುವ ತಾಣಗಳು ಸಾಕಷ್ಟು ಉಳಿದಿರುವುದಿಲ್ಲ.

ಈ ಸ್ಥಿತಿ ಕಾಯಂ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದಿನವೂ ಸೇದುತ್ತಿದ್ದವರು ನಿಲ್ಲಿಸಿದ ಮೇಲೆ ಅವರ ಮಿದುಳನ್ನು ವಿಶೇಷ ಯಂತ್ರದಿಂದ ನೋಡಿದ ಅಧ್ಯಯನಗಳಿವೆ. ಎರಡೇ ದಿನಗಳಲ್ಲಿ ಆ ತಾಣಗಳು ಮರಳಿ ತೆರೆದುಕೊಳ್ಳಲು ಶುರುವಾಗುತ್ತವೆ. ಸುಮಾರು ನಾಲ್ಕು ವಾರಕ್ಕೆ ಹೆಚ್ಚುಕಡಿಮೆ ಮೊದಲಿನಂತಾಗುತ್ತವೆ.

ಅಂದರೆ, ದಿನವೂ ಸೇದಿದರೆ ಮಿದುಳು ತನ್ನ ಬಾಗಿಲು ಕಿಟಕಿ ಮುಚ್ಚಿಕೊಳ್ಳುತ್ತದೆ, ನಿಲ್ಲಿಸಿದರೆ ತೆರೆಯುತ್ತದೆ, ತೆರೆಯಲು ಒಂದಷ್ಟು ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ಏನೇನು ಕಾಣಿಸಿಕೊಳ್ಳುತ್ತದೆ ಎಂಬುದೇ ಇವತ್ತಿನ ಮಾತಿನ ಮುಖ್ಯ ಭಾಗ. ದಯವಿಟ್ಟು ಗಮನವಿಟ್ಟು ಕೇಳಿ.

ಕೊನೆಯ ಸಲ ಸೇದಿದ ಮೇಲಿನ ಮೊದಲ ದಿನ ಅಷ್ಟೇನೂ ಗೊತ್ತಾಗುವುದಿಲ್ಲ. ಗಾಂಜಾ ಮೈಯ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿಂದ ನಿಧಾನವಾಗಿ ಜಿನುಗುತ್ತದೆ. ತುಂಬ ಸೇದುವವರ ಮೂತ್ರದಲ್ಲಿ ಅದರ ಗುರುತು ಮೂರು ನಾಲ್ಕು ವಾರವೂ ಸಿಗುವುದುಂಟು. ಆದ್ದರಿಂದ ಮೊದಲ ದಿನ ಹುಡುಗ ಗೆದ್ದೆ ಎಂದುಕೊಳ್ಳುತ್ತಾನೆ. ಎರಡನೆಯ ದಿನದಿಂದ ಶುರು. ಊಟ ಸೇರುವುದಿಲ್ಲ. ರಾತ್ರಿ ಹಾಸಿಗೆಯಲ್ಲಿ ಹೊರಳಾಟ. ಮೈ ಬೆವರುತ್ತದೆ. ಹೊಟ್ಟೆಯಲ್ಲಿ ಸಂಕಟ, ಕೆಲವರಿಗೆ ತಲೆನೋವು. ಎಲ್ಲಕ್ಕಿಂತ ಹೆಚ್ಚಾಗಿ ಸಿಡುಕು. ತಾಯಿ ತಟ್ಟೆ ಇಟ್ಟ ಸದ್ದಿಗೂ ಸಿಟ್ಟು. ಕಾರಣವಿಲ್ಲದ ಆತಂಕ. ಮೂರನೆಯ ದಿನದಿಂದ ಆರನೆಯ ದಿನದವರೆಗೆ ಇದು ಉತ್ತುಂಗದಲ್ಲಿರುತ್ತದೆ. ಎರಡು ವಾರದ ಹೊತ್ತಿಗೆ ಬಹಳಷ್ಟು ಇಳಿಯುತ್ತದೆ. ನಿದ್ದೆ ಮಾತ್ರ ಸರಿಹೋಗಲು ಇನ್ನೂ ಸ್ವಲ್ಪ ಸಮಯ ಬೇಕು.

ಇನ್ನು ಕನಸು. ಅನೇಕರನ್ನು ಹೆದರಿಸುವುದು ಅದೇ. ಗಾಂಜಾ ಕನಸು ಬೀಳುವ ನಿದ್ದೆಯನ್ನು ಅದುಮಿಡುತ್ತದೆ. ನಿಲ್ಲಿಸಿದ ಕೂಡಲೇ ಅದು ಬಡ್ಡಿ ಸಮೇತ ವಾಪಸು ಬರುತ್ತದೆ. ರಾತ್ರಿಯಿಡೀ ಕಣ್ಣಿಗೆ ಕಟ್ಟಿದಂತಹ ಕನಸುಗಳು. ಸತ್ತವರು ಬರುತ್ತಾರೆ, ಯಾರೋ ಅಟ್ಟಿಸಿಕೊಂಡು ಬರುತ್ತಾರೆ, ಕೈಯಲ್ಲಿ ಗಾಂಜಾ ಹಿಡಿದಿರುವಂತೆಯೂ ಕಾಣುತ್ತದೆ. ಎದ್ದಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ. ತನಗೆ ಹುಚ್ಚು ಹಿಡಿಯುತ್ತಿದೆ ಎಂದುಕೊಳ್ಳುವವರಿದ್ದಾರೆ. ಇದು ಹುಚ್ಚಲ್ಲ. ನಿದ್ದೆ ತನ್ನ ಬಾಕಿಯನ್ನು ವಸೂಲಿ ಮಾಡಿಕೊಳ್ಳುತ್ತಿದೆ.

ಈಗ ಆ ನಾಲ್ಕನೆಯ ದಿನಕ್ಕೆ ಬನ್ನಿ. ಹುಡುಗನಿಗೆ ನಿದ್ದೆಯಿಲ್ಲ, ಊಟವಿಲ್ಲ, ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದಿದ್ದಾನೆ. ಒಂದು ದಮ್ಮು ಎಳೆಯುತ್ತಾನೆ. ಹತ್ತು ನಿಮಿಷದಲ್ಲಿ ಎಲ್ಲವೂ ತಣ್ಣಗಾಗುತ್ತದೆ. ಹಸಿವಾಗುತ್ತದೆ. ತಾಯಿಯೊಡನೆ ನಗುತ್ತಾ ಮಾತಾಡುತ್ತಾನೆ. ರಾತ್ರಿ ನಿದ್ದೆ ಬರುತ್ತದೆ. ಅವನ ಲೆಕ್ಕ ಏನು? ನನ್ನ ಸ್ವಭಾವವೇ ಸಿಡುಕು, ನನಗೆ ಹುಟ್ಟಾ ನಿದ್ದೆಯಿಲ್ಲ, ಗಾಂಜಾ ಅದನ್ನು ಗುಣಪಡಿಸುತ್ತದೆ. ಅವನು ಕಂಡದ್ದು ನಿಜ, ಕಟ್ಟಿದ ಲೆಕ್ಕ ತಪ್ಪು. ಆ ಸಿಡುಕು, ಆ ನಿದ್ದೆಗೇಡು ಗಾಂಜಾ ಬಿಟ್ಟುದರ ಫಲ. ಗಾಂಜಾ ತಾನೇ ಕೊಟ್ಟ ಕಾಯಿಲೆಯನ್ನು ತಾನೇ ಆರು ತಾಸು ವಾಸಿ ಮಾಡಿತು.

ಮನೆಯವರೂ ಇದೇ ಬಲೆಗೆ ಬೀಳುತ್ತಾರೆ. "ಬಿಟ್ಟ ಮೇಲೆ ಇನ್ನೂ ಹಾಳಾದ" ಎನ್ನುತ್ತಾರೆ. "ಅದನ್ನು ಸೇದುವಾಗಲೇ ಇವನು ಸುಮ್ಮನಿದ್ದ" ಎಂದು ನೆರೆಯವರ ಹತ್ತಿರ ಅತ್ತುಕೊಳ್ಳುತ್ತಾರೆ. ಆ ತಾಯಂದಿರಿಗೆ ನಾನು ಹೇಳುವುದಿಷ್ಟು. ಅಮ್ಮ, ಇದು ನಿಮ್ಮ ಮಗನ ನಿಜವಾದ ಗುಣವಲ್ಲ. ಇದು ಎರಡು ವಾರದ ಜ್ವರದಂಥದು. ಈ ದಿನಗಳಲ್ಲಿ ಅವನು ಆಡಿದ ಮಾತನ್ನು ಎದೆಗೆ ಹಚ್ಚಿಕೊಳ್ಳಬೇಡಿ.

ಗಾಂಜಾ ಬಿಟ್ಟಾಗ ಬರುವ ಈ ತೊಂದರೆಗೆ ವೈದ್ಯಶಾಸ್ತ್ರವೂ ತಡವಾಗಿಯೇ ಮನ್ನಣೆ ಕೊಟ್ಟಿತು. ಜಗತ್ತಿನ ಅನೇಕ ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯಲ್ಲಿ ಇದಕ್ಕೆ ಪೂರ್ತಿ ಜಾಗ ಸಿಕ್ಕಿದ್ದು 2013ರಲ್ಲಿ. ಯಾಕೆ ಇಷ್ಟು ತಡ? ನನಗೆ ತೋರುವ ಕಾರಣ, ನಮಗೆಲ್ಲ ಚಟ ಎಂದರೆ ಹೆಂಡದ ಚಟವೇ ಕಣ್ಣಮುಂದೆ ಬರುತ್ತದೆ. ಹೆಂಡ ಬಿಟ್ಟವನ ಕೈ ನಡುಗುತ್ತದೆ. ಫಿಟ್ಸ್ ಬರಬಹುದು. ಇಲ್ಲದ್ದು ಕಾಣಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಗಾಂಜಾ ಬಿಟ್ಟರೆ ಸಾಮಾನ್ಯವಾಗಿ ಇಷ್ಟು ತೀವ್ರವಾಗಿ ಏನೂ ಆಗುವುದಿಲ್ಲ. ಹೆರಾಯಿನ್ ಹೆಚ್ಚಾದರೆ ಉಸಿರು ನಿಲ್ಲುತ್ತದೆ. ಉಸಿರಾಟವನ್ನು ನಡೆಸುವ ಮಿದುಳಿನ ಬುಡದಲ್ಲಿ ಗಾಂಜಾ ಕೂರುವ ತಾಣಗಳು ತೀರ ಕಡಿಮೆ, ಆದ್ದರಿಂದ ಗಾಂಜಾದಲ್ಲಿ ಹಾಗಾಗುವುದಿಲ್ಲ. ಯಾರೂ ಬೀದಿಯಲ್ಲಿ ಬೀಳುವುದಿಲ್ಲ, ಆಂಬುಲೆನ್ಸ್ ಬರುವುದಿಲ್ಲ. ಸದ್ದಿಲ್ಲದ ಕಾಯಿಲೆಯನ್ನು ನಾವು ಕಾಯಿಲೆ ಎಂದು ಎಣಿಸುವುದೇ ಇಲ್ಲ.

ಇಲ್ಲಿಯವರೆಗೆ ಬಿಟ್ಟಾಗ ಏನಾಗುತ್ತದೆ ಎಂದು ನೋಡಿದೆವು. ಬಿಡದೆ ಮುಂದುವರಿದವನಲ್ಲಿ ಕಟ್ಟುಬಿದ್ದಿದ್ದಾನೆ ಎಂದು ಗುರುತಿಸುವುದು ಹೇಗೆ?

ಎಷ್ಟು ಸೇದುತ್ತಾನೆ ಎಂಬುದಕ್ಕಿಂತ ಅದಕ್ಕಾಗಿ ಏನನ್ನು ಬಿಟ್ಟ ಎಂದು ನೋಡಿ. ಕ್ರಿಕೆಟ್ ಬಿಟ್ಟನೆ? ಸೇದದ ಗೆಳೆಯರನ್ನು ಬಿಟ್ಟನೆ? ಬೆಳಗಿನ ತರಗತಿ ಬಿಟ್ಟನೆ? ಶನಿವಾರ ರಾತ್ರಿಯ ವಿಷಯವಾಗಿದ್ದದ್ದು ಬೆಳಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸವಾಯಿತೆ? ಮೊದಲು ಎರಡು ದಮ್ಮಿಗೆ ಆಗುತ್ತಿದ್ದದ್ದಕ್ಕೆ ಈಗ ಇಡೀ ಸಿಗರೇಟು ಬೇಕೆ? ಕಡಿಮೆ ಮಾಡುತ್ತೇನೆ ಎಂದು ಹೇಳಿ ಹೇಳಿ ಆಗಲಿಲ್ಲವೆ? ಇವುಗಳಲ್ಲಿ ಎರಡು ಮೂರು ಇದ್ದರೂ ವೈದ್ಯರ ಜೊತೆ ಮಾತಾಡಲು ಸಾಕು. ಹುಡುಗಿಯರಿಗೂ ಇದೇ ಮಾತು ಸಲ್ಲುತ್ತದೆ. ಅವರಲ್ಲಿ ಇದು ಇನ್ನೂ ಗುಟ್ಟಾಗಿ ನಡೆಯುತ್ತದೆ, ನೆರವು ಕೇಳುವುದು ಇನ್ನೂ ಕಷ್ಟವಾಗುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಅನೇಕರು ಗಾಂಜಾವನ್ನು ತಂಬಾಕಿನ ಜೊತೆ ಬೆರೆಸಿ ಸೇದುತ್ತಾರೆ. ಸಿಗರೇಟಿನ ಪುಡಿ ತೆಗೆದು, ಸೊಪ್ಪು ಸೇರಿಸಿ, ಮತ್ತೆ ತುಂಬುತ್ತಾರೆ. ಹೀಗಾಗಿ ಕಟ್ಟು ಎರಡು. ಗಾಂಜಾ ಬಿಟ್ಟು ಬೀಡಿ ಸಿಗರೇಟು ಹಿಡಿದರೆ, ಆ ಹೊಗೆಯೇ ಅವನನ್ನು ಹಳೆಯ ಜಾಗಕ್ಕೆ ಕರೆದೊಯ್ಯುತ್ತದೆ. ಎರಡನ್ನೂ ಒಟ್ಟಿಗೆ ಬಿಡುವ ಯೋಚನೆ ಮಾಡುವುದು ಒಳ್ಳೆಯದು.

ಇನ್ನು ಮಾಲಿನ ಬಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದ ಮಾದರಿಗಳಲ್ಲಿ 1995ರ ಸುಮಾರಿಗೆ ಟಿಎಚ್‌ಸಿ ನೂರಕ್ಕೆ 4 ಪಾಲು ಇತ್ತು. ಇಪ್ಪತ್ತು ವರ್ಷಗಳಲ್ಲಿ ಅದು ನೂರಕ್ಕೆ 12ರ ಆಸುಪಾಸಿಗೆ ಏರಿತು. ನಮ್ಮಲ್ಲೂ ಹೈಡ್ರೋ ಗಾಂಜಾ ಎಂಬ ಮಾತು ಈಗ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಮಣ್ಣಿಲ್ಲದೆ, ದೀಪದ ಬೆಳಕಿನಲ್ಲಿ, ಪೋಷಕ ನೀರಿನಲ್ಲಿ ಬೆಳೆಸಿದ್ದು ಅದು. ಬ್ಯಾಂಕಾಕಿನಿಂದ ಬಂದವರ ಚೀಲಗಳಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಅಜ್ಜನ ಕಾಲದ ಚಿಲುಮೆಯ ಅನುಭವವನ್ನು ಇದಕ್ಕೆ ಅನ್ವಯಿಸುವುದು ಸಲ್ಲದು.

ಬಲ ಹೆಚ್ಚಿದಷ್ಟೂ, ಹೆಚ್ಚು ಸಲ ಸೇದಿದಷ್ಟೂ ಮನಸ್ಸು ಕದಡುವ ಅಪಾಯ ಹೆಚ್ಚು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 45 ಸಾವಿರ ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನವೊಂದು 1987ರಲ್ಲಿ ಬಂತು. ಸೈನ್ಯಕ್ಕೆ ಸೇರುವ ಹೊತ್ತಿಗೇ 50ಕ್ಕೂ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಬಂದ ಪ್ರಮಾಣ, ಸೇದದವರಿಗಿಂತ ಸುಮಾರು ಆರು ಪಟ್ಟು. ಎಲ್ಲ ಸೇದುವವರಿಗೂ ಹೀಗಾಗುವುದಿಲ್ಲ. ಆದರೆ ನಿಮ್ಮ ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ, ಒಂದು ದಮ್ಮೂ ಬೇಡ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಚಟ, ಅದರ ಗುರುತು, ಈಗಿನ ಮಾಲಿನ ಬಲ ಇಷ್ಟನ್ನು ಹೇಳಿದೆ. ಉಳಿದದ್ದು ಬಿಡುವ ದಾರಿ.

ಗಾಂಜಾ ಬಿಡಿಸುವುದಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಇದನ್ನು ನೇರವಾಗಿ ಹೇಳಬೇಕು. ಯಾಕೆಂದರೆ ಗುಟ್ಟಾಗಿ ಊಟದಲ್ಲಿ ಬೆರೆಸಿ ಎಂದು ಪುಡಿ ಮಾರುವವರಿದ್ದಾರೆ. ಅದಕ್ಕೆ ದುಡ್ಡು ಸುರಿಯಬೇಡಿ. ನಿದ್ದೆಗೆ, ಆತಂಕಕ್ಕೆ ಕೆಲವು ದಿನ ವೈದ್ಯರು ಮಾತ್ರೆ ಕೊಡಬಹುದು. ಅಂಗಡಿಯಿಂದ ನೀವೇ ನಿದ್ದೆಮಾತ್ರೆ ತಂದು ಕೊಡಬೇಡಿ. ಅದು ಇನ್ನೊಂದು ಚಟವಾಗುತ್ತದೆ. ಕೆಲಸ ಮಾಡುವುದು ಮುಖ್ಯವಾಗಿ ಮಾತಿನ ಚಿಕಿತ್ಸೆ. ಆಪ್ತಸಮಾಲೋಚಕರು ವಾರವಾರ ಕೂತು, ಯಾವ ಹೊತ್ತಿಗೆ, ಯಾರ ಜೊತೆ, ಯಾವ ಬೇಸರಕ್ಕೆ ಕೈ ಅತ್ತ ಹೋಗುತ್ತದೆ ಎಂದು ಬಿಡಿಸಿ ನೋಡುತ್ತಾರೆ. ಆ ಹೊತ್ತಿಗೆ ಬೇರೆ ಏನು ಮಾಡಬಹುದು ಎಂದು ಅವನಿಂದಲೇ ಹೇಳಿಸುತ್ತಾರೆ.

ಬಿಡುವವರು ದಿನ ಗೊತ್ತುಮಾಡಿಕೊಳ್ಳಿ. ಪರೀಕ್ಷೆಯ ವಾರ ಬೇಡ, ಮದುವೆ ಮನೆಯ ಗದ್ದಲ ಬೇಡ. ಮೊದಲ ವಾರ ಕಷ್ಟ ಎಂದು ಮೊದಲೇ ಮನೆಯಲ್ಲಿ ಹೇಳಿಡಿ. ಸಂಜೆ ನಡೆದಾಡಿ, ಮೈ ದಣಿಸಿ. ಕಾಫಿ, ಟೀಯನ್ನು ಮಧ್ಯಾಹ್ನಕ್ಕೆ ನಿಲ್ಲಿಸಿ. ಹಸಿವಿಲ್ಲದಿದ್ದರೆ ಗಂಜಿಯನ್ನೋ ಮಜ್ಜಿಗೆ ಅನ್ನವನ್ನೋ ಸ್ವಲ್ಪ ಸ್ವಲ್ಪವೇ ತಿನ್ನಿ. ಗಾಂಜಾದ ಜಾಗಕ್ಕೆ ಹೆಂಡವನ್ನು ತರಬೇಡಿ. ದಿನವೂ ಹೆಂಡ ಕುಡಿಯುವ ಅಭ್ಯಾಸವೂ ಇದ್ದರೆ ಮನೆಯಲ್ಲೇ ಒಮ್ಮೆಗೇ ಎಲ್ಲ ನಿಲ್ಲಿಸಬೇಡಿ, ಮೊದಲು ವೈದ್ಯರನ್ನು ಕಾಣಿ. ಮನೆಯವರೇ, ಮೊದಲ ವಾರ ದೊಡ್ಡ ಮಾತುಗಳನ್ನು ತೆಗೆಯಬೇಡಿ. ಸಾಲ, ಓದು, ಮಾನ ಮರ್ಯಾದೆಯ ಲೆಕ್ಕ ಮೂರನೆಯ ವಾರಕ್ಕೆ ಇರಲಿ. ಎರಡನೆಯ ವಾರದಲ್ಲಿ ಒಮ್ಮೆ ಜಾರಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಜಾರಿದ ದಿನವೇ ಸಮಾಲೋಚಕರಿಗೆ ತಿಳಿಸಿ.

ಇನ್ನೊಂದು ಲಕ್ಷಣವನ್ನು ಹೇಳಲೇಬೇಕು. ವರ್ಷಗಟ್ಟಲೆ ಸೇದುತ್ತಿರುವ ಕೆಲವರಿಗೆ ಆಗಾಗ ವಿಪರೀತ ವಾಂತಿ ಬರುತ್ತದೆ. ಬಿಸಿನೀರು ಸುರಿದುಕೊಂಡರೆ ಮಾತ್ರ ಹಿತವೆನಿಸುತ್ತದೆ. ದಿನಕ್ಕೆ ನಾಲ್ಕೈದು ಸಲ ಬಚ್ಚಲಿಗೆ ಓಡುತ್ತಾರೆ. ಹೊಟ್ಟೆಯ ಪರೀಕ್ಷೆಗಳೆಲ್ಲ ಸರಿ ಬರುತ್ತವೆ. ಇದಕ್ಕೆ ಕಾರಣ ಗಾಂಜಾ ಇರಬಹುದು. ವೈದ್ಯರ ಮುಂದೆ ಮುಚ್ಚಿಡದೆ ಹೇಳಿ.

ಹೇಳಿದರೆ ಪೊಲೀಸರು ಬರುತ್ತಾರೆ ಎಂಬ ಹೆದರಿಕೆ ಬಹಳ ಜನರಿಗಿದೆ. ಗಾಂಜಾ ಸೇದುವುದು ಅಪರಾಧ, ನಿಜ. ಆರು ತಿಂಗಳವರೆಗೆ ಜೈಲು, ಇಲ್ಲವೆ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ 1985ರ ಅದೇ ಮಾದಕವಸ್ತು ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಸೇದಿದ್ದಕ್ಕೆ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕೆ ಮೊಕದ್ದಮೆ ಎದುರಿಸುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಅವನಿಗೆ ಆ ಕಲಮು ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು ಎಂಬುದು ಷರತ್ತು. ಈ ಕಲಮಿನ ವಿಷಯ ಎಷ್ಟೋ ಮನೆಗಳಿಗೆ ತಲುಪಿಯೇ ಇಲ್ಲ. ನಿಮಗೆ ಗೊತ್ತಿರುವ ಮನೆಗೆ ನೀವು ತಲುಪಿಸಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಅವರು ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ಕೇಳಿ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ ಬರೆದುಕೊಳ್ಳಿ. 14416. ಇನ್ನೊಮ್ಮೆ ಹೇಳುತ್ತೇನೆ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ. ಸೇದುವವನು ಕರೆ ಮಾಡಲು ಒಪ್ಪದಿದ್ದರೆ ತಾಯಿಯೋ ಅಕ್ಕನೋ ಗೆಳೆಯನೋ ಮಾಡಬಹುದು. ನಿಲ್ಲಿಸಿ ಎಷ್ಟು ದಿನವಾಯಿತು, ನಿದ್ದೆ ಹೇಗಿದೆ, ಊಟ ಹೇಗಿದೆ, ತಂಬಾಕು ಹೆಂಡ ಜೊತೆಗಿದೆಯೆ ಎಂಬ ನಾಲ್ಕು ವಿಷಯ ಹೇಳಿದರೆ ಮಾತು ಮುಂದುವರಿಸಲು ಅವರಿಗೆ ಸಾಕಾಗುತ್ತದೆ.